ಬಿಸಿಯಾದ ಮೇಲೆ ಮುನಿಯುವ ಡೀಸೆಲ್ ಎಂಜಿನ್

ಪ್ರಶ್ನೆ: ನನ್ನ ಬಳಿ ಇಪ್ಪತ್ತು ವರ್ಷ ದಾಟಿದ ಡೀಸೆಲ್ ಜೀಪೊಂದಿದೆ. ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಪಂಪ್ ರೋಟರಿ ಮಾದರಿಯದು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಆದರೆ ಬೇಸಿಗೆಯಲ್ಲಿ ರಾಯಚೂರಿಗೆ ಹೋಗಿ ಹದಿನೈದು ನಿಮಿಷ ನಿಲ್ಲಿಸಿದರೆ, ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಒಂದು ಗಂಟೆ ಬಿಟ್ಟರೆ, ಇಲ್ಲವೇ ನಾಲ್ಕು ಜನ ತಳ್ಳಿದರೆ, ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಬ್ಯಾಟರಿ, ಡೀಸೆಲ್ ಫಿಲ್ಟರ್, ಹೀಟರ್ ಪ್ಲಗ್ ಎಲ್ಲವನ್ನೂ ಬದಲಿಸಿದ್ದಾಯಿತು. ಡೀಸೆಲ್ಲಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಸೀಮೆಎಣ್ಣೆಯ ಮಾತನ್ನು ಮೊದಲು ಕೈಬಿಡಿ, ಅದು ನಿಮ್ಮ ತೊಂದರೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಹೀಟರ್ ಪ್ಲಗ್‌ಗೆ ಹಾಕಿದ ಹಣವೂ ದಂಡವಾಯಿತೆಂದೇ ಹೇಳಬೇಕಾಗಿದೆ, ಏಕೆಂದರೆ ತಣ್ಣಗಿರುವ ಎಂಜಿನ್ನನ್ನು ಹೊತ್ತಿಸಲು ನೆರವಾಗುವುದಷ್ಟೇ ಅದರ ಕೆಲಸ. ಕುದಿಯುವ ಬಿಸಿಯಲ್ಲಿರುವ ಎಂಜಿನ್ನಿಗೆ ಅದರ ಹಂಗಿಲ್ಲ.

ತಾವು ಬರೆದಿರುವ ಲಕ್ಷಣಗಳು ಸವೆದ ಡೀಸೆಲ್ ಪಂಪಿನತ್ತ ಬೆರಳು ಮಾಡುತ್ತವೆ. ರೋಟರಿ ಪಂಪಿನಲ್ಲಿ ಡೀಸೆಲ್ಲಿಗೆ ಒತ್ತಡ ಕೊಡುವ ಭಾಗವಾದ ಹೆಡ್ ಮತ್ತು ಅದರೊಳಗೆ ತಿರುಗುವ ಭಾಗದ ನಡುವಿನ ಸಂದು ಮೈಕ್ರಾನ್‌ಗಳಲ್ಲಿ ಅಳೆಯುವಷ್ಟು ಕಿರಿದು. ಅಲ್ಲಿ ರಬ್ಬರಿನ ಸೀಲ್ ಇರುವುದಿಲ್ಲ. ಡೀಸೆಲ್ಲಿನ ದಪ್ಪವೇ ಸೀಲಿನ ಕೆಲಸ ಮಾಡುತ್ತದೆ. ಡೀಸೆಲ್ 40 ಡಿಗ್ರಿಯಲ್ಲಿ ಇರುವುದಕ್ಕಿಂತ 80 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತೆಳುವಾಗುತ್ತದೆ. ಗಾಡಿ ಓಡುತ್ತಿರುವಾಗ ಟ್ಯಾಂಕಿನಿಂದ ಬಂದು ಹೋಗುವ ಡೀಸೆಲ್ಲೇ ಪಂಪನ್ನು ತಂಪಾಗಿಡುತ್ತದೆ. ನಿಲ್ಲಿಸಿದೊಡನೆ ಆ ಹರಿವು ನಿಂತು, ಎಂಜಿನ್ನಿನ ಕಾವೆಲ್ಲ ಪಂಪಿಗೆ ಏರತೊಡಗುತ್ತದೆ. ಆದ್ದರಿಂದಲೇ ನಿಲ್ಲಿಸಿದ ಮರುಕ್ಷಣಕ್ಕಿಂತ ಹದಿನೈದು ನಿಮಿಷದ ನಂತರ ತೊಂದರೆ ಹೆಚ್ಚು. ಸೆಲ್ಫ್ ಹೊಡೆಯುವಾಗ ಎಂಜಿನ್ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿದರೆ ಪಂಪ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ. ಆ ನಿಧಾನಗತಿಯಲ್ಲಿ ತೆಳುವಾದ ಡೀಸೆಲ್ ಸವೆದ ಸಂದಿನಿಂದ ಹಿಂದಕ್ಕೆ ಜಾರಿಹೋಗಿ, ಎಂಜಿನ್ನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್ ತೆರೆಯುವಷ್ಟು ಒತ್ತಡ ಹುಟ್ಟುವುದೇ ಇಲ್ಲ. ತಳ್ಳಿದಾಗ ವೇಗ ಹೆಚ್ಚುವುದರಿಂದ ಜಾರಿಹೋಗಲು ಸಮಯ ಸಿಗುವುದಿಲ್ಲ, ಗಾಡಿ ಹೊರಡುತ್ತದೆ. ಸೀಮೆಎಣ್ಣೆ ಡೀಸೆಲ್ಲಿಗಿಂತಲೂ ತೆಳು. ಅದರಲ್ಲಿ ಪಂಪಿಗೆ ಬೇಕಾದ ಜಿಡ್ಡೂ ಕಡಿಮೆ.

ಹಾಗೆಂದು ನೇರವಾಗಿ ಪಂಪ್ ಬಿಚ್ಚಿಸಬೇಡಿ. ಎಂಜಿನ್ ಬಿಸಿಯಿದ್ದು ಸ್ಟಾರ್ಟ್ ಆಗದಿರುವಾಗಲೇ ಒಬ್ಬರಿಂದ ಸೆಲ್ಫ್ ಹೊಡೆಸಿ ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ದೋಷ ಬೇರೆಡೆ ಇದೆ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಆಗ, ಪಂಪಿನ ಮೇಲೆ ವೈರ್ ಇರುವ ಸ್ಟಾಪ್ ಸೊಲೆನಾಯ್ಡ್ (ಎಂಜಿನ್ ನಿಲ್ಲಿಸಲು ಡೀಸೆಲ್ ತಡೆಯುವ ವಿದ್ಯುತ್ ಕವಾಟ) ಇದ್ದರೆ, ಕೀಲಿ ತಿರುಗಿಸಿದಾಗ ಅದು ‘ಟಿಕ್’ ಎನ್ನುತ್ತದೆಯೇ ಕೇಳಿ. ಕಾದಾಗ ಕೈಕೊಡುವ ಸೊಲೆನಾಯ್ಡ್ ಇದೇ ಲಕ್ಷಣ ತೋರಿಸುತ್ತದೆ ಮತ್ತು ಅದರ ಬೆಲೆ ಪಂಪ್ ರಿಪೇರಿಗೆ ಹೋಲಿಸಿದರೆ ಏನೂ ಅಲ್ಲ. ಪೈಪಿನಲ್ಲಿ ಗಾಳಿ ಎಳೆಯುವ ದೋಷವಿದ್ದರೆ ಸಾಮಾನ್ಯವಾಗಿ ಬೆಳಗಿನ ಸ್ಟಾರ್ಟೇ ಕಷ್ಟವಾಗುತ್ತಿತ್ತು. ನಿಮ್ಮ ಗಾಡಿಯಲ್ಲಿ ಹಾಗಿಲ್ಲ.

ಕೊನೆಯದು ಒದ್ದೆ ಬಟ್ಟೆಯ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಪಂಪಿಗಷ್ಟೇ ಒದ್ದೆ ಬಟ್ಟೆ ಸುತ್ತಿ, ಸ್ವಲ್ಪ ಸ್ವಲ್ಪವೇ ನೀರು ಹನಿಸುತ್ತ ಹತ್ತು ನಿಮಿಷ ಬಿಡಿ. ಆಮೇಲೆ ಎಂದಿನಂತೆ ಸ್ಟಾರ್ಟ್ ಆದರೆ ಪಂಪ್ ಸವೆದಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಎಂಜಿನ್ ಓಡುತ್ತಿರುವಾಗ ಕಾದ ಪಂಪಿನ ಮೇಲೆ ತಣ್ಣೀರು ಸುರಿಯುವ ಸಾಹಸ ಬೇಡ. ಹೊರಗಿನ ಭಾಗ ಬೇಗ ಕುಗ್ಗಿ ಒಳಗಿನದನ್ನು ಹಿಡಿದುಬಿಟ್ಟರೆ ಪಂಪೇ ಕೈಕೊಡುತ್ತದೆ. ಎಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ನೀರು ತಾಗಬಾರದು.

ಪಂಪನ್ನು ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ಅಂಗಡಿಗೇ ಕೊಡಿ. ಸೀಲ್ ಕಿಟ್ ಹಾಕಿದರೆ ಸಾಕು ಎಂದರೆ ಒಪ್ಪಬೇಡಿ. ಅದರಿಂದ ಹೊರಗಿನ ಸೋರಿಕೆ ನಿಲ್ಲುತ್ತದೆ, ಒಳಗಿನ ಸವೆತ ಹಾಗೆಯೇ ಉಳಿಯುತ್ತದೆ. ಸ್ಟಾರ್ಟಿಂಗ್ ವೇಗದಲ್ಲಿ, ಅಂದರೆ ಪಂಪ್ ನಿಮಿಷಕ್ಕೆ 100 ಸುತ್ತಿನ ಆಸುಪಾಸಿನಲ್ಲಿರುವಾಗ, ಎಷ್ಟು ಡೀಸೆಲ್ ಬರುತ್ತದೆ ಎಂಬುದನ್ನು ನಿಮ್ಮೆದುರೇ ಅಳೆಯಲು ಹೇಳಿ. ಅದು ಕಡಿಮೆಯಿದ್ದರೆ ಹೆಡ್ ಬದಲಿಸಬೇಕಾಗುತ್ತದೆ, ಖರ್ಚು ಸಣ್ಣದಲ್ಲ. ಪಂಪನ್ನು ಮತ್ತೆ ಅದೇ ಸ್ಥಾನದಲ್ಲಿ ಕೂರಿಸಲು, ಬಿಚ್ಚುವ ಮೊದಲು ಟೈಮಿಂಗ್ ಗುರುತು ಹಾಕಿಸಿಕೊಳ್ಳಲು ಮರೆಯಬೇಡಿ. ಹೊಲದ ಮನೆಯ ಬ್ಯಾರಲ್ಲಿನಿಂದ ಡೀಸೆಲ್ ಹಾಕುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಏಕೆಂದರೆ ತಳದಲ್ಲಿ ಕೂತ ನೀರು ಮತ್ತು ಧೂಳಿನಿಂದಲೇ ಇಂಥ ಪಂಪುಗಳು ಬೇಗ ಸವೆಯುತ್ತವೆ.

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ಗೂಡ್ಸ್ ಗಾಡಿ ಬಿಸಿಯಾದಾಗ ಸೆಲ್ಫ್ ತಿರುಗುವುದೇ ಇಲ್ಲ, ‘ಟಕ್’ ಎಂದು ಸುಮ್ಮನಾಗುತ್ತದೆ. ಇದಕ್ಕೂ ಪಂಪೇ ಕಾರಣವೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಅಲ್ಲ. ನಿಮ್ಮದು ಸೆಲ್ಫ್ ಮೋಟಾರ್ ಅಥವಾ ಕೇಬಲ್ಲಿನ ದೋಷ. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಕೇಬಲ್ಲಿನ ಎರಡೂ ತುದಿಗಳನ್ನು ಬಿಚ್ಚಿ, ಉಜ್ಜಿ, ಬಿಗಿಗೊಳಿಸಿ. ಕೀಲಿ ತಿರುಗಿಸಿದಾಗ ಬ್ಯಾಟರಿಯ ಮೈನಸ್ ತುದಿಗೂ ಎಂಜಿನ್ ಮೈಗೂ ನಡುವೆ ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ಅದು ಸರಿಯಿದ್ದೂ ತಿರುಗದಿದ್ದರೆ ಸೆಲ್ಫ್ ಬಿಚ್ಚಿಸಿ ಬುಷ್ (ತಿರುಗುವ ದಂಡಕ್ಕೆ ಆಸರೆಯಾದ ಬಳೆ) ಮತ್ತು ಕಾರ್ಬನ್ (ತಿರುಗುವ ಭಾಗಕ್ಕೆ ವಿದ್ಯುತ್ ದಾಟಿಸುವ ತುಂಡು) ನೋಡಿಸಿ; ಬುಷ್ ಸವೆದ ಸೆಲ್ಫಿನಲ್ಲಿ ಒಳಗೆ ತಿರುಗುವ ಆರ್ಮೇಚರ್ ಪಕ್ಕಕ್ಕೆ ವಾಲಿ ಉಜ್ಜುತ್ತದೆ. ಅಲ್ಲಿಯವರೆಗೆ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೀಲಿ ಹಿಡಿಯಬೇಡಿ.