ಬಯಲೋ ಬೆಟ್ಟವೋ?

ಗದಗಿನಿಂದ ತಂದೆಯವರನ್ನು ಕರೆದುಕೊಂಡು ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೋಡಲು ಹೊರಟಿರುವ ನೀವು, ಬಯಲು ರಸ್ತೆಯಲ್ಲಿ ನಿಲ್ಲಬೇಕೋ ಬೆಟ್ಟದಲ್ಲೋ ಎಂದು ಕೇಳಿದ್ದೀರಿ. ಬೆಟ್ಟವೇ. ಬಯಲಿನಲ್ಲಿ ಇಡೀ ಗುಂಪು ರೊಯ್ಯನೆ ಹಾದುಹೋಗುತ್ತದೆ, ಯಾರು ಯಾರೆಂದು ತಿಳಿಯುವುದಿಲ್ಲ. ಏರಿನಲ್ಲಿ ಸವಾರರು ಚದುರಿ, ಏದುಸಿರು ಬಿಡುತ್ತ ಬರುತ್ತಾರೆ, ಮುಖ ಕಾಣುತ್ತದೆ. 21 ತಿರುವುಗಳ ಆಲ್ಪ್ ದುಯೆಜ್ ಎಂಬ ಬೆಟ್ಟದೇರು ಆ ವರ್ಷದ ಮಾರ್ಗದಲ್ಲಿದ್ದರೆ ಬಿಡಬೇಡಿ. ಆದರೆ ಅಂಥ ಕಡೆ ರಸ್ತೆಯನ್ನು ಬಹಳ ಮೊದಲೇ ಮುಚ್ಚುತ್ತಾರೆ, ನಡೆದೇ ಹತ್ತಬೇಕಾದೀತು. ತಂದೆಯವರ ಮೊಣಕಾಲು ಒಪ್ಪದಿದ್ದರೆ ಟೈಮ್ ಟ್ರಯಲ್ ದಿನವನ್ನು ಆರಿಸಿಕೊಳ್ಳಿ. ಅಂದು ಅವರವರ ಸಮಯ ಅಳೆಯಲು ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಡುವುದರಿಂದ ಒಂದೇ ಕಡೆ ಕುಳಿತು ಗಂಟೆಗಟ್ಟಲೆ ನೋಡಬಹುದು.

ರಸ್ತೆಬದಿಯಲ್ಲಿ ನಿಲ್ಲಲು ಟಿಕೆಟ್ ಬೇಕಿಲ್ಲ. ಸವಾರರಿಗಿಂತ ಸುಮಾರು ಎರಡು ಗಂಟೆ ಮೊದಲು ಜಾಹೀರಾತು ವಾಹನಗಳ ಮೆರವಣಿಗೆ ಬಂದು ಟೋಪಿ, ತಿಂಡಿ ಎಸೆಯುತ್ತದೆ. ನಮ್ಮ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ತೇರಿಗೆ ನಾವು ಉತ್ತತ್ತಿ ಎಸೆಯುತ್ತೇವೆ, ಅಲ್ಲಿ ತೇರೇ ಜನರ ಮೇಲೆ ಎಸೆಯುತ್ತದೆ!

ಮಾರ್ಗ ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಪ್ರಕಟವಾಗುತ್ತದೆ. ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ತಡಮಾಡಬೇಡಿ. ರೇಸ್ ನಡೆಯುವುದು ಜುಲೈ ಬೇಸಿಗೆಯಲ್ಲಿ ಎಂದು ಬರೀ ಅಂಗಿಯಲ್ಲಿ ಹೋಗಬೇಡಿ. ಬೆಟ್ಟದ ಮೇಲೆ ಸ್ವೆಟರ್, ರೇನ್‌ಕೋಟ್ ಎರಡೂ ಬೇಕಾಗುತ್ತವೆ.