ಇಲಿ ಬದುಕಿದರೆ ವಿಷ ಅಲ್ವಾ?

ಈ ಪ್ರಶ್ನೆ ನನಗೆ ಐದನೇ ಸಲ ಬಂದಿದೆ. ರಾಸಾಯನಿಕದ ಹೆಸರು ಬದಲಾಗುತ್ತದೆ, ವಾದ ಅದೇ: "ಎಂಎಸ್‌ಡಿಎಸ್‌ನಲ್ಲಿ (ರಾಸಾಯನಿಕದ ಜೊತೆ ಬರುವ ಸುರಕ್ಷತಾ ಮಾಹಿತಿ ಹಾಳೆ) ಇಲಿಯ ಲೆಕ್ಕ ಇಷ್ಟಿದೆ, ಟೇಬಲ್‌ನಲ್ಲಿ ಇಷ್ಟಿದೆ, ಹಾಗಾದರೆ ಇದು ವಿಷ ಅಲ್ಲ ತಾನೇ?" ಅದಕ್ಕೇ ಈ ಸಲ ಹೆಚ್ಚಿನ ಜಾಗ ಇದಕ್ಕೇ ಕೊಡುತ್ತಿದ್ದೇನೆ. ಆ ಟೇಬಲ್ ಇರುವುದು ರಾಸಾಯನಿಕಗಳ ಅಪಾಯವನ್ನು ವರ್ಗ ಮಾಡುವ ವಿಶ್ವಸಂಸ್ಥೆಯ ಜಿಎಚ್‌ಎಸ್ ಪದ್ಧತಿಯಲ್ಲಿ. ಆ ಪದ್ಧತಿಯ ವಿವರ ಏನು, ಅದರ ಒಂಬತ್ತು ಚಿತ್ರಗಳು ಯಾವುವು ಎಂದು ಮತ್ತೆ ಬರೆಯುವುದಿಲ್ಲ. ನಿಮ್ಮ ಗೋದಾಮಿನ ಗೋಡೆಯಲ್ಲಿ ಆ ಪೋಸ್ಟರ್ ಇಲ್ಲದಿದ್ದರೆ ಮೊದಲು ಅದನ್ನು ಅಂಟಿಸಿ ಬನ್ನಿ.

ಹಾಸನ ಜಿಲ್ಲೆಯ ಓದುಗರ ಪ್ರಶ್ನೆ: ಮೇಡಂ, ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಸಣ್ಣ ಯುನಿಟ್ ನಮ್ಮದು. ಅದಕ್ಕೆ ಬೇಕಾದ ಮೆಥನಾಲ್ ಎಂಬ ಆಲ್ಕೋಹಾಲನ್ನು ಇಬ್ಬರು ಡೀಲರ್‌ಗಳಿಂದ ತರಿಸುತ್ತೇವೆ. ಒಬ್ಬರು ಕೊಟ್ಟ ಎಂಎಸ್‌ಡಿಎಸ್‌ನಲ್ಲಿ ಬೆಂಕಿಯ ಚಿತ್ರ ಮಾತ್ರ ಇದೆ. ಇನ್ನೊಬ್ಬರದ್ದರಲ್ಲಿ ಬೆಂಕಿ, ತಲೆಬುರುಡೆ, ಎದೆಯಲ್ಲಿ ನಕ್ಷತ್ರ ಇರುವ ಮನುಷ್ಯ, ಮೂರೂ ಇವೆ. ಎರಡರಲ್ಲೂ ಇಲಿಗೆ ಬಾಯಿ ಮೂಲಕ ಎಲ್‌ಡಿ50 (ಅರ್ಧದಷ್ಟು ಇಲಿಗಳು ಸಾಯುವ ಪ್ರಮಾಣ) ಕೆಜಿಗೆ 5,628 ಮಿಲಿಗ್ರಾಂ ಎಂದೇ ಬರೆದಿದೆ. ಟೇಬಲ್ ಪ್ರಕಾರ 2,000 ದಾಟಿದರೆ ವಿಷದ ಲೆಕ್ಕಕ್ಕೇ ಬರುವುದಿಲ್ಲ. ತಲೆಬುರುಡೆ ನೋಡಿ ಕೆಲಸದ ಹುಡುಗರು ಹೆದರುತ್ತಾರೆ. ಮೊದಲನೆಯವರ ಹಾಳೆಯನ್ನೇ ಇಟ್ಟುಕೊಳ್ಳಬಹುದಾ? ಕೊನೆಗೆ ಉಳಿಯುವ ಗ್ಲಿಸರಿನ್ ಡ್ರಮ್‌ಗಳಿಗೆ ಯಾವ ಲೇಬಲ್ ಹಾಕಬೇಕು?

ಉತ್ತರ: ಇಟ್ಟುಕೊಳ್ಳಬೇಡಿ. ಆ ಹಾಳೆಯನ್ನು ಡೀಲರ್‌ಗೆ ವಾಪಸ್ ಕಳಿಸಿ. ಹುಡುಗರು ಹೆದರುತ್ತಾರೆ ಅಂತೀರಿ. ಹೆದರಲಿ ಎಂದೇ ಆ ಚಿತ್ರ ಇರುವುದು.

ನೀವು ಟೇಬಲ್ ಓದಿದ್ದು ಸರಿಯಾಗಿಯೇ ಇದೆ. ಬಾಯಿ ಮೂಲಕ ಕೆಜಿಗೆ 50ರಿಂದ 300 ಮಿಲಿಗ್ರಾಂ ಒಳಗೆ ಅರ್ಧದಷ್ಟು ಇಲಿಗಳು ಸತ್ತರೆ ಕೆಟಗರಿ 3, ಅಂದರೆ ತಲೆಬುರುಡೆ. 300ರಿಂದ 2,000 ಇದ್ದರೆ ಕೆಟಗರಿ 4, ಆಶ್ಚರ್ಯಸೂಚಕ ಚಿಹ್ನೆ. 5,000ದವರೆಗೆ ಕೆಟಗರಿ 5 ಅಂತಲೂ ಒಂದಿದೆ, ಹಲವು ದೇಶಗಳು ಅದನ್ನು ಕೈಬಿಟ್ಟಿವೆ. 5,628 ಅಂದರೆ ಅದನ್ನೂ ದಾಟಿತು. ಬರೀ ಇಲಿಯ ಮಾತು ಕೇಳಿದರೆ ಮೆಥನಾಲ್‌ಗೆ ಬಾಯಿಯ ಲೆಕ್ಕದಲ್ಲಿ ಯಾವ ಚಿತ್ರವೂ ಬೇಡ.

ಆದರೆ ಟೇಬಲ್ ನೋಡಿದವರು ಅದರ ಅಕ್ಕಪಕ್ಕದ ಪ್ಯಾರಾ ಓದುವುದಿಲ್ಲ. ಅದೇ ನನಗೆ ಸಿಟ್ಟು ಬರಿಸುವುದು. ಮನುಷ್ಯರ ಮೇಲೆ ಏನಾಯಿತು ಎಂಬ ನಂಬುವಂಥ ಮಾಹಿತಿ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂದು ಅಲ್ಲೇ ಬರೆದಿದೆ. ಇಲಿಯನ್ನು ನಾವು ಕೇಳುವುದು ಮನುಷ್ಯರ ವಿಷಯ ಗೊತ್ತಿಲ್ಲದಿದ್ದಾಗ. ಮೆಥನಾಲ್ ವಿಷಯದಲ್ಲಿ ಗೊತ್ತಿಲ್ಲದೆ ಏನು, ಬೇಕಾದ್ದಕ್ಕಿಂತ ಜಾಸ್ತಿಯೇ ಗೊತ್ತಿದೆ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2020ರಲ್ಲಿ ಕೊರೋನಾಕ್ಕೆ ಮದ್ದು ಎಂದು ನಂಬಿ ಕುಡಿದು ಇರಾನಿನಲ್ಲಿ ನೂರಾರು ಜನ ಹೋದರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಸಾವು. 10 ಮಿಲಿಲೀಟರ್‌ಗೆ ಕಣ್ಣು ಹೋದ, 30 ಮಿಲಿಲೀಟರ್‌ಗೆ ಜೀವ ಹೋದ ಕೇಸ್‌ಗಳು ವೈದ್ಯರ ದಾಖಲೆಯಲ್ಲಿವೆ. ಮಕ್ಕಳ ಕೆಮ್ಮಿನ ಸಿರಪ್ ಬಾಟಲಿಯ ಅಳತೆ ಮುಚ್ಚಳ ಇದೆಯಲ್ಲ, ಅದರಲ್ಲಿ ಒಂದು ಮುಚ್ಚಳ ಅಂದರೆ ಸುಮಾರು 10 ಮಿಲಿ.

ಇಲಿ ಯಾಕೆ ಬದುಕುತ್ತದೆ? ಮೆಥನಾಲ್ ತಾನಾಗಿ ಮಾಡುವ ಹಾನಿ ಕಡಿಮೆ, ಸ್ವಲ್ಪ ಮತ್ತು ಬರಿಸುತ್ತದೆ ಅಷ್ಟೇ. ಕೆಡುವುದು ಆಮೇಲೆ. ನಮ್ಮ ಲಿವರ್ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಕೂಡಲೇ ಫಾರ್ಮಿಕ್ ಆಸಿಡ್ ಆಗುತ್ತದೆ. ಇಲಿಯ ದೇಹ ಫೋಲೇಟ್ ಬಳಸಿಕೊಂಡು ಈ ಆಸಿಡ್ಡನ್ನು ಬೇಗ ಬೇಗ ಖಾಲಿ ಮಾಡಿಬಿಡುತ್ತದೆ. ಮನುಷ್ಯನಿಗೆ, ಮಂಗಕ್ಕೆ ಆ ಕೆಲಸ ನಿಧಾನ. ಆಸಿಡ್ ಗುಡ್ಡೆ ಬೀಳುತ್ತದೆ, ರಕ್ತ ಹುಳಿಯಾಗುತ್ತದೆ, ಜೀವಕೋಶಕ್ಕೆ ಆಮ್ಲಜನಕ ಬಳಸಿಕೊಳ್ಳಲು ಆಗುವುದಿಲ್ಲ. ಕಣ್ಣಿನ ನರಕ್ಕೆ ಮೊದಲ ಪೆಟ್ಟು. ಹಾಗಾಗಿ ಇಲಿಯ ಆ 5,628 ಸುಳ್ಳಲ್ಲ, ಅದು ಇಲಿಗೆ ಮಾತ್ರ ನಿಜ.

ಈ ಕಾರಣಕ್ಕೆ ಯುರೋಪಿನ ಅಧಿಕೃತ ಪಟ್ಟಿಯಲ್ಲಿ ಮೆಥನಾಲ್‌ಗೆ ಬಾಯಿ, ಚರ್ಮ, ಉಸಿರು ಮೂರು ದಾರಿಯಲ್ಲೂ ಕೆಟಗರಿ 3 ಕೊಟ್ಟಿದ್ದಾರೆ. ಅದೇ ತಲೆಬುರುಡೆ. ಒಂದೇ ಸಲದ ಸಂಪರ್ಕದಿಂದ ಅಂಗಕ್ಕೆ ಹಾನಿ ಎಂಬ ವರ್ಗದಲ್ಲಿ ಕೆಟಗರಿ 1. ಅದೇ ನಕ್ಷತ್ರದ ಮನುಷ್ಯ. ಈ ಎರಡನೆಯದನ್ನು ಎಲ್‌ಡಿ50 ಎಂಬ ಅಂಕಿ ಮುಟ್ಟುವುದೇ ಇಲ್ಲ. ಎಲ್‌ಡಿ50 ಹೆಣ ಎಣಿಸುತ್ತದೆ, ಕುರುಡಾದವರನ್ನು ಎಣಿಸುವುದಿಲ್ಲ.

ಚರ್ಮ ಎಂದೆನಲ್ಲ, ತೆಳು ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಡ್ರಮ್ಮಿಗೆ ಪಂಪ್ ಇಳಿಸುವವರಿಗೆ ಒಂದು ಮಾತು. ಮೆಥನಾಲ್ ಅದನ್ನು ಬೇಗ ದಾಟುತ್ತದೆ. ಬ್ಯುಟೈಲ್ ರಬ್ಬರಿನದು ತನ್ನಿ. ದುಬಾರಿ, ಗೊತ್ತು.

ಇನ್ನು ನಿಮ್ಮ ಮೊದಲ ಡೀಲರ್. ವಾಟ್ಸಾಪ್‌ನಲ್ಲಿ "ಅರ್ಧ ಗಂಟೆಯಲ್ಲಿ ಎಂಎಸ್‌ಡಿಎಸ್ ರೆಡಿ" ಎಂದು ಜಾಹೀರಾತು ಬಿಡುವವರು ಇದ್ದಾರೆ. ಎಲ್‌ಡಿ50 ಅಂಕಿ ಹಾಕಿದರೆ ಚಿತ್ರ ತಾನೇ ಬರುವ ಎಕ್ಸೆಲ್ ಶೀಟ್ ಒಂದಿದ್ದರೆ ಸಾಕು, ಇವರು ಕನ್ಸಲ್ಟೆಂಟ್. ಕೆಳಗೆ ಸಹಿ ಇರುವುದಿಲ್ಲ, ತುರ್ತು ಫೋನ್ ನಂಬರಿಗೆ ಯಾರೂ ಎತ್ತುವುದಿಲ್ಲ. ಯಾವುದೇ ಹಾಳೆ ಬಂದರೂ ಎರಡು ಕಡೆ ನೋಡಿ. 2ನೇ ವಿಭಾಗದಲ್ಲಿ ಅಪಾಯದ ವರ್ಗ ಇರುತ್ತದೆ, 11ನೇ ವಿಭಾಗದಲ್ಲಿ ಅದಕ್ಕೆ ಆಧಾರ ಇರಬೇಕು. ಮೆಥನಾಲ್ ಹಾಳೆಯ 11ನೇ ವಿಭಾಗದಲ್ಲಿ ಇಲಿ, ಮೊಲ ಬಿಟ್ಟು ಮನುಷ್ಯನ ಮಾತೇ ಇಲ್ಲವೆಂದರೆ ಆ ಹಾಳೆ ಬರೆದವರಿಗೆ ಮೆಥನಾಲ್ ಗೊತ್ತಿಲ್ಲ.

ಬೆಂಕಿಯ ವಿಷಯದಲ್ಲಿ ಟೇಬಲ್ ನಂಬಬಹುದು, ಅಲ್ಲಿ ಇಲಿಯ ಗೊಡವೆ ಇಲ್ಲ. ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಆವಿ ಹತ್ತಿಕೊಳ್ಳುವ ಕನಿಷ್ಠ ಉಷ್ಣತೆ, ಸುಮಾರು 11 ಡಿಗ್ರಿ, ಕುದಿಯುವುದು 65 ಡಿಗ್ರಿ ಹತ್ತಿರ. ಫ್ಲ್ಯಾಶ್ ಪಾಯಿಂಟ್ 23ಕ್ಕಿಂತ ಕೆಳಗೆ, ಕುದಿಬಿಂದು 35ಕ್ಕಿಂತ ಮೇಲೆ. ಹಾಗಾಗಿ ಕೆಟಗರಿ 2. ಪೆಟ್ರೋಲ್ ಪಕ್ಕದಲ್ಲೇ ಇಟ್ಟಷ್ಟು ಎಂದುಕೊಳ್ಳುತ್ತೀರಿ. ಆದರೆ ಚಿತ್ರ ಹೇಳದ ಒಂದು ವಿಷಯ ಇದೆ. ಮುಚ್ಚಿದ ಪೆಟ್ರೋಲ್ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಎಷ್ಟು ದಟ್ಟವಾಗಿರುತ್ತದೆ ಅಂದರೆ ಉರಿಯಲು ಗಾಳಿ ಸಾಲುವುದಿಲ್ಲ. ಮೆಥನಾಲ್ ಹಾಗಲ್ಲ. ಗಾಳಿಯಲ್ಲಿ ಅದರ ಆವಿ ಶೇ 6ರಿಂದ 36ರ ನಡುವೆ ಇದ್ದರೆ ಕಿಡಿ ತಾಗಿದ ಕೂಡಲೇ ಹತ್ತುತ್ತದೆ. 20 ಡಿಗ್ರಿಯಲ್ಲಿ ಅರ್ಧ ಖಾಲಿಯಾದ ಡ್ರಮ್ಮಿನ ಮೇಲ್ಭಾಗದಲ್ಲಿ ಇರುವುದು ಶೇ 12ರಿಂದ 13. ಅಂದರೆ ನಿಮ್ಮ ಊರಿನ ಹವೆಯಲ್ಲಿ ಬಹುತೇಕ ವರ್ಷವಿಡೀ ಆ ಡ್ರಮ್ಮಿನೊಳಗೆ ಹತ್ತಿಕೊಳ್ಳಲು ಸರಿಯಾದ ಹದವೇ ಇರುತ್ತದೆ. ಸುರಿಯುವಾಗ ಕಿಡಿ ಹಾರದಂತೆ ಎರಡೂ ಪಾತ್ರೆಗೆ ಅರ್ಥಿಂಗ್ ಇರಲೇಬೇಕು ಅನ್ನುವುದು ಇದಕ್ಕೇ.

ಮತ್ತೊಂದು, ಹಗಲಿನಲ್ಲಿ ಇದರ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಶೆಡ್‌ನಲ್ಲಿ ನೆಲದ ಮೇಲೆ ಚೆಲ್ಲಿದ್ದ ಮೆಥನಾಲ್ ಹತ್ತಿಕೊಂಡಿತ್ತು. ನನಗೆ ಕಂಡಿದ್ದು ಬಿಸಿಲಿನಲ್ಲಿ ಟಾರು ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ಲ, ಅಷ್ಟೇ. ಕಾಲಿಗೆ ಬಿಸಿ ತಾಗಿದ ಮೇಲೆ ಹಿಂದೆ ಜಿಗಿದೆ. ಅವತ್ತಿನಿಂದ ಮೆಥನಾಲ್ ಇರುವ ಕಡೆ ನಾನು ಸ್ವಲ್ಪ ಅತಿಯಾಗಿಯೇ ಆಡುತ್ತೇನೆ ಎಂದು ಜೊತೆಯವರು ನಗುತ್ತಾರೆ. ನಗಲಿ.

ಈಗ ಗ್ಲಿಸರಿನ್. ನಿಮ್ಮ ಪತ್ರದ ಒಳ್ಳೆಯ ಪ್ರಶ್ನೆ ಇದೇ, ಅದನ್ನು ಕೊನೆಯ ಸಾಲಿಗೆ ತಳ್ಳಿದ್ದೀರಿ. ನೀವು ಜಾಸ್ತಿ ಹಾಕಿದ ಮೆಥನಾಲ್‌ನ ಹೆಚ್ಚಿನ ಪಾಲು ಬಯೋಡೀಸೆಲ್‌ಗೆ ಹೋಗುವುದಿಲ್ಲ, ಕೆಳಗೆ ಕೂರುವ ಗ್ಲಿಸರಿನ್‌ಗೆ ಹೋಗುತ್ತದೆ. ಎಷ್ಟು ಎಂದು ಲ್ಯಾಬ್‌ನಲ್ಲಿ ಅಳತೆ ಮಾಡಿಸದೆ ಲೇಬಲ್ ಬರೆಯಲು ಆಗುವುದಿಲ್ಲ. ಉದಾಹರಣೆಗೆ ಶೇ 15 ಬಂತು ಎಂದುಕೊಳ್ಳಿ. ಮಿಶ್ರಣದ ಲೆಕ್ಕಕ್ಕೆ ಇಲಿಯ 5,628 ಹಾಕಬಾರದು. ಬಾಯಿಯ ಕೆಟಗರಿ 3ಕ್ಕೆಂದು ಜಿಎಚ್‌ಎಸ್ ಪುಸ್ತಕ ಕೊಟ್ಟ ಅಂಕಿ 100, ಅದನ್ನು ಹಾಕಿ. 15ನ್ನು 100ರಿಂದ ಭಾಗಿಸಿ, ಬಂದ 0.15ರಿಂದ 100ನ್ನು ಭಾಗಿಸಿದರೆ 667. ಅದು 300ರಿಂದ 2,000ದ ಒಳಗೆ, ಅಂದರೆ ಕೆಟಗರಿ 4. ತಲೆಬುರುಡೆ ಹೋಗಿ ಆಶ್ಚರ್ಯಸೂಚಕ ಬಂತು.

ಇಲ್ಲಿಗೆ ಎಲ್ಲರೂ ಪೆನ್ನು ಮುಚ್ಚುತ್ತಾರೆ. ಮುಚ್ಚಬೇಡಿ. ಕಣ್ಣಿನ ಲೆಕ್ಕ ಬೇರೆ ಇದೆ. ಯುರೋಪಿನ ಪಟ್ಟಿಯಲ್ಲಿ ಮೆಥನಾಲ್ ಶೇ 10 ಅಥವಾ ಹೆಚ್ಚಿದ್ದರೆ ಅಂಗಹಾನಿ ಕೆಟಗರಿ 1 ಹಾಗೆಯೇ ಉಳಿಯುತ್ತದೆ, 3ರಿಂದ 10ರ ಒಳಗಿದ್ದರೆ ಕೆಟಗರಿ 2. ಹಾಗಾಗಿ ನಕ್ಷತ್ರದ ಮನುಷ್ಯ ಎಲ್ಲೂ ಹೋಗಲಿಲ್ಲ. ಉಸಿರು ಮತ್ತು ಚರ್ಮಕ್ಕೂ ಇದೇ ರೀತಿ ಬೇರೆ ಬೇರೆ ಲೆಕ್ಕ ಮಾಡಬೇಕು. ಫ್ಲ್ಯಾಶ್ ಪಾಯಿಂಟ್ ಅಂತೂ ಲೆಕ್ಕ ಹಾಕಿ ಊಹಿಸಬೇಡಿ, ಟೆಸ್ಟ್ ಮಾಡಿಸಿ. ಎಣ್ಣೆಗೆ ಹಾಕಿದ ಕಾಸ್ಟಿಕ್ ಸೋಡಾ ಉಳಿದಿರುತ್ತದೆ, ಪಿಎಚ್ (ಹುಳಿ-ಕ್ಷಾರದ ಅಳತೆ) ನೋಡಿ. 11.5 ಮುಟ್ಟಿದರೆ ಚರ್ಮ ಸುಡುವ ವರ್ಗವೂ ಸೇರಿತು ಎಂದೇ ಹಿಡಿಯಬೇಕು. ರಿಪೋರ್ಟ್ ಬರುವವರೆಗೆ ಆ ಡ್ರಮ್‌ಗಳನ್ನು ಮೆಥನಾಲ್ ಡ್ರಮ್‌ಗಳ ಜೊತೆಗೇ ಇಡಿ.

ಮೆಥನಾಲ್ ತೆಗೆಯದೆ ಅದನ್ನು ಮನೆಯಲ್ಲಿ ಸೋಪು ಮಾಡುವವರಿಗೆ ಕೊಡಬೇಡಿ, ಪುಕ್ಕಟೆಯಾಗಿಯೂ ಬೇಡ. ತೆರೆದ ಬಾಣಲೆಯಲ್ಲಿ ಕುದಿಸಿ "ಹಾರಿಸುವ" ಉಪಾಯವನ್ನು ಯಾರೋ ಯೂಟ್ಯೂಬ್‌ನಲ್ಲಿ ಹೇಳಿಕೊಡುತ್ತಿದ್ದಾರಂತೆ. ಅವರಿಗೆ ಇನ್ನೂ ಹುಬ್ಬು ಉಳಿದಿದ್ದರೆ ಅದೃಷ್ಟ.

ಪೀಣ್ಯದಿಂದ: ನಮ್ಮ ಟ್ಯಾಂಕ್ ಮೇಲಿನ ಅಮೆರಿಕದ ಬಣ್ಣದ ಡೈಮಂಡ್‌ನಲ್ಲಿ (ಅಪಾಯದ ಅಂಕಿ ಬರೆದ ಚಿಹ್ನೆ) ಮೆಥನಾಲ್ ಬೆಂಕಿಗೆ 3 ಎಂದಿದೆ, ಎಂಎಸ್‌ಡಿಎಸ್‌ನಲ್ಲಿ ಕೆಟಗರಿ 2. ಯಾವುದು ತಪ್ಪು?

ಯಾವುದೂ ಅಲ್ಲ. ಡೈಮಂಡ್‌ನಲ್ಲಿ ದೊಡ್ಡ ಅಂಕಿ ಕೆಟ್ಟದ್ದು, 4 ಕೊನೆ. ಜಿಎಚ್‌ಎಸ್‌ನಲ್ಲಿ ಚಿಕ್ಕ ಅಂಕಿ ಕೆಟ್ಟದ್ದು, 1 ಎಂದರೆ ಅತಿ ಕೆಟ್ಟದ್ದು. "ಕೆಟಗರಿ 1 ತಾನೇ, ಪರವಾಗಿಲ್ಲ" ಎಂದ ಸೂಪರ್‌ವೈಸರ್ ಒಬ್ಬರನ್ನು ನಾನೇ ಕಂಡಿದ್ದೇನೆ.

ಬೆಳಗಾವಿಯಿಂದ: ದಿನಕ್ಕೆ ಐದೇ ಲೀಟರ್ ಬಳಸುತ್ತೇವೆ. ಕೆಟಗರಿ ಕಡಿಮೆ ಮಾಡಿಕೊಳ್ಳಬಹುದಾ?

ಇಲ್ಲ. ನಾಗರಹಾವು ಒಂದೇ ಇದ್ದರೆ ಅದು ಕೇರೆ ಆಗುತ್ತದಾ?

ಹರಿಹರದಿಂದ: ಯಾರಾದರೂ ತಪ್ಪಿ ಮೆಥನಾಲ್ ನುಂಗಿದರೆ ಬ್ರಾಂದಿ ಕುಡಿಸಬೇಕು, ಅದೇ ಮದ್ದು ಎನ್ನುತ್ತಾರೆ. ನಿಜವೇ?

ಅರ್ಧ ನಿಜ, ಅದಕ್ಕೇ ಪೂರ್ತಿ ಅಪಾಯ. ಲಿವರ್‌ಗೆ ಕುಡಿಯುವ ಆಲ್ಕೋಹಾಲ್ ಸಿಕ್ಕರೆ ಅದು ಮೆಥನಾಲ್ ಬಿಟ್ಟು ಇದನ್ನೇ ಮೊದಲು ಹಿಡಿಯುತ್ತದೆ, ಆಸಿಡ್ ಆಗುವುದು ನಿಧಾನವಾಗುತ್ತದೆ. ಆದರೆ ಅದನ್ನು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾ, ಅಳತೆ ನೋಡಿ ಕೊಡುತ್ತಾರೆ. ಇಲ್ಲವೇ ಫೊಮೆಪಿಜೋಲ್ ಎಂಬ ಔಷಧಿ ಕೊಡುತ್ತಾರೆ, ಬೇಕಾದರೆ ಡಯಾಲಿಸಿಸ್ ಮಾಡುತ್ತಾರೆ. ನೀವು ಶೆಡ್‌ನಲ್ಲಿ ಕೂತು ಪೆಗ್ ಲೆಕ್ಕದಲ್ಲಿ ಸುರಿದರೆ ಆಗುವುದು ಇಷ್ಟೇ: ಅವನು ಮಲಗುತ್ತಾನೆ, ಎಲ್ಲರೂ ಸರಿಹೋಯಿತು ಎಂದುಕೊಳ್ಳುತ್ತಾರೆ. ಬ್ರಾಂದಿ ಇಲ್ಲದೆಯೂ ಮೊದಲ 12ರಿಂದ 24 ಗಂಟೆ ಏನೂ ಆಗಿಲ್ಲದ ಹಾಗೇ ಇರಬಹುದು. ಮರುದಿನ ಕಣ್ಣ ಮುಂದೆ ಹಿಮ ಬಿದ್ದ ಹಾಗೆ ಕಾಣುತ್ತದೆ ಎನ್ನುವ ಹೊತ್ತಿಗೆ ತಡವಾಗಿರುತ್ತದೆ. ನುಂಗಿದ್ದಾನೆ ಎಂದು ಗೊತ್ತಾದ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಜೊತೆಗೆ ಆ ಎಂಎಸ್‌ಡಿಎಸ್ ಹಾಳೆಯೂ ಇರಲಿ. ವಾಂತಿ ಮಾಡಿಸಲು ಹೋಗಬೇಡಿ.

ಮೈಸೂರಿನಿಂದ: ಸ್ಪಿರಿಟ್ ಹಚ್ಚಿದಾಗ ನೀಲಿಯಾಗಿ ಉರಿದರೆ ಮೆಥನಾಲ್ ಇಲ್ಲ ಎಂದರ್ಥವಂತೆ?

ಕುಡಿಯುವ ಆಲ್ಕೋಹಾಲ್, ಮೆಥನಾಲ್ ಎರಡೂ ನೀಲಿಯಾಗಿಯೇ ಉರಿಯುತ್ತವೆ. ಸುಮ್ನೆ ಯಾರೋ ಹೇಳಿದ್ದನ್ನು ನಂಬಿ ಕುಡಿಯಬೇಡಿ.

ಹೊಸಪೇಟೆಯಿಂದ: ವಾಸನೆ ಬರದಿದ್ದರೆ ಮಾಸ್ಕ್ ಬೇಡ ತಾನೇ?

ನಮ್ಮ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಮೆಥನಾಲ್‌ಗೆ ಕೊಟ್ಟಿದ್ದ ಎಂಟು ಗಂಟೆಯ ಮಿತಿ 200 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 200 ಭಾಗ. ಹಲವರ ಮೂಗಿಗೆ ಅಷ್ಟಾದರೂ ಗೊತ್ತಾಗುವುದಿಲ್ಲ. ಮೀಟರ್ ತನ್ನಿ. ಧೂಳಿಗೆ ಹಾಕುವ ಬಟ್ಟೆ ಮಾಸ್ಕ್ ಆವಿಗೆ ಲೆಕ್ಕಕ್ಕಿಲ್ಲ.

ಅದೇ ಊರಿನಿಂದ, ಇನ್ನೊಬ್ಬರು: ಶಿಫ್ಟ್ ಮುಗಿದ ಮೇಲೆ ಬೆಲ್ಲ, ಹಾಲು ಕೊಡುತ್ತಾರೆ. ಕೆಮಿಕಲ್ ಇಳಿಯುತ್ತದಾ?

ಹಸಿವು ಇಳಿಯುತ್ತದೆ. ಬೆಲ್ಲದ ದುಡ್ಡಿಗೆ ಎಕ್ಸಾಸ್ಟ್ ಫ್ಯಾನ್ ಕೇಳಿ.

ಶಿವಮೊಗ್ಗದಿಂದ: ಮೆಥನಾಲ್ ಡ್ರಮ್ ಖಾಲಿಯಾದ ಮೇಲೆ ಮೇಲ್ಭಾಗ ಕತ್ತರಿಸಿ ತೋಟಕ್ಕೆ ನೀರಿನ ತೊಟ್ಟಿ ಮಾಡಿಕೊಳ್ಳಬಹುದಾ?

ತಳದಲ್ಲಿ ಉಳಿದ ಒಂದು ಲೋಟ ಸಾಕು, ಡ್ರಮ್ಮಿನ ತುಂಬ ಆವಿ ತುಂಬಲು. ಹಾಸನದವರಿಗೆ ಬರೆದ ಶೇ 6ರಿಂದ 36ರ ಲೆಕ್ಕ ಮತ್ತೊಮ್ಮೆ ಓದಿ, ಆಮೇಲೆ ಅದರ ಮೇಲೆ ಗ್ರೈಂಡರ್ ಇಡುವ ಆಸೆ ಉಳಿದಿದೆಯಾ ನೋಡಿ. ಮುಚ್ಚಳ ಬಿಗಿ ಮಾಡಿ, ಲೇಬಲ್ ಕೀಳದೆ, ಡೀಲರ್‌ಗೇ ವಾಪಸ್ ಕೊಡಿ. ತೊಟ್ಟಿಯನ್ನು ಅಂಗಡಿಯಲ್ಲಿ ಕೊಂಡುಕೊಳ್ಳಿ.