ಲಯ ಓಡಿದರೂ ಎಕೋ ಜೊತೆಯಲ್ಲೇ ಇರಲಿ

ಪ್ರಶ್ನೆ: ಕೊಳಲಿಗೆ ಅಂತ ಪ್ಯೂರ್ ಡೇಟಾ ಎಂಬ ಸಂಗೀತದ ಸಾಫ್ಟ್‌ವೇರ್‌ನಲ್ಲಿ ಟ್ರೆಮೊಲೊ (ಸದ್ದಿನ ಏರಿಳಿತ), ಡಿಲೇ (ಎಕೋ), ರಿವರ್ಬ್ (ಅನುರಣನ) ಸೇರಿಸಿ ಒಂದು ಪ್ಯಾಚ್, ಅಂದರೆ ಪ್ರೋಗ್ರಾಂ, ಮಾಡಿಕೊಂಡಿದ್ದೇನೆ. ಮನೆಯಲ್ಲಿ ಎಲ್ಲಾ ಸರಿ. ವೇದಿಕೆಯಲ್ಲಿ ಡ್ರಮ್ಸ್‌ನವರು ಸ್ವಲ್ಪ ಓಡಿದರೆ ಸಾಕು, ಎಕೋ ಒಂದು ಕಡೆ, ಟ್ರೆಮೊಲೊ ಇನ್ನೊಂದು ಕಡೆ. ಟೆಂಪೊ ಬದಲಿಸಿದರೆ ‘ಕುಯ್ಯ್’ ಅಂತ ಸದ್ದು ಬೇರೆ. ಏನು ಮಾಡಲಿ?

ಉತ್ತರ: ಪ್ರತಿ ಎಫೆಕ್ಟ್‌ಗೂ ನೀವು ಕೈಯಾರೆ ಬೇರೆ ಬೇರೆ ಅಂಕಿ ಬರೆದಿರಬೇಕು, ಅಲ್ವಾ? ಅದನ್ನೆಲ್ಲ ಅಳಿಸಿಬಿಡಿ. ಇಡೀ ಪ್ಯಾಚ್‌ಗೆ ಒಂದೇ ಅಂಕಿ ಸಾಕು: ತಾಳದ ಒಂದು ಪೆಟ್ಟು (ಬೀಟ್) ಎಷ್ಟು ಮಿಲಿಸೆಕೆಂಡು. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಪೆಟ್ಟು) ಭಾಗಿಸಿ. 80 ಬಿಪಿಎಂ ಆದರೆ 750. ಇದನ್ನು ಒಂದು ಸೆಂಡ್‌ಗೆ (ಪ್ಯಾಚ್‌ನ ಎಲ್ಲ ಕಡೆಗೂ ಅಂಕಿ ಕಳಿಸುವ ಆಬ್ಜೆಕ್ಟ್) ಕೊಡಿ. ಎಲ್ಲ ಎಫೆಕ್ಟ್‌ಗಳೂ ರಿಸೀವ್‌ನಿಂದ ಅದನ್ನೇ ತೆಗೆದುಕೊಂಡು ತಮ್ಮ ಪಾಲಿಗೆ ಗುಣಿಸಿಕೊಳ್ಳಲಿ. ಮುಕ್ಕಾಲು ಪೆಟ್ಟಿನ ಡಿಲೇ 562.5 ಆಗುತ್ತದೆ. ಖಂಡ ನಡೆ ಬೇಕಾ? ಪೆಟ್ಟನ್ನು ಐದು ಮಾಡಿ, ಮೂರು ಪಾಲು ತೆಗೆದುಕೊಳ್ಳಿ: 450. ಕೊಳಲಿನ ಸಣ್ಣ ಸಣ್ಣ ಸ್ವರಗಳಿಗೆ ಇದು ತುಂಬಾ ಚೆನ್ನಾಗಿ ಒಪ್ಪುತ್ತದೆ, ಒಮ್ಮೆ ನುಡಿಸಿ ನೋಡಿ.

ಟ್ರೆಮೊಲೊಗೆ ವೇಗ ಹರ್ಟ್ಸ್‌ನಲ್ಲಿ ಬೇಕು. 1000ವನ್ನು ಮಿಲಿಸೆಕೆಂಡಿನಿಂದ ಭಾಗಿಸಿದರೆ ಆಯಿತು. ಆದರೆ ವೇಗ ಹೊಂದಿದರೆ ಸಾಲದು, ಶುರುವೂ ಹೊಂದಬೇಕು. ಸಮ (ತಾಳದ ಮೊದಲ ಪೆಟ್ಟು) ಬಂದಾಗೆಲ್ಲ, ಟ್ರೆಮೊಲೊದ ಅಲೆ ಹುಟ್ಟಿಸುವ ಆಸ್ಕ್~ (osc~) ಆಬ್ಜೆಕ್ಟ್‌ನ ಬಲಗಡೆಯ ಇನ್‌ಲೆಟ್‌ಗೆ 0 ಕಳಿಸಿ, ಅಲೆ ಮೊದಲಿನಿಂದ ಶುರುವಾಗುತ್ತದೆ.

ಇನ್ನು ಆ ‘ಕುಯ್ಯ್’. ಡಿಲೇಯ ಸದ್ದನ್ನು ಡೆಲ್‌ರೈಟ್~ (delwrite~) ಬಫರ್‌ನಲ್ಲಿ ಕೂಡಿಡುತ್ತದೆ, ಡೆಲ್‌ರೀಡ್4~ (delread4~) ಓದುತ್ತದೆ. ಓದುತ್ತಿರುವಾಗಲೇ ಅದರ ಸಮಯ ಬದಲಾದರೆ, ಓದುವ ಜಾಗ ಬಫರ್‌ನಲ್ಲಿ ಜರುಗುತ್ತದೆ, ಶ್ರುತಿ ಎಳೆದುಹೋಗುತ್ತದೆ. ಹಾಗಾಗಿ ಒಂದೇ ಡೆಲ್‌ರೈಟ್~ಗೆ ಎರಡು ಡೆಲ್‌ರೀಡ್4~ ಇಡಿ. ಒಂದು ಕೇಳಿಸುತ್ತಿರಲಿ, ಇನ್ನೊಂದು ಮೌನವಾಗಿರಲಿ. ಹೊಸ ಸಮಯವನ್ನು ಮೌನವಾಗಿರುವುದಕ್ಕೆ ಕೊಡಿ. ಆಮೇಲೆ ಅಂಕಿಯನ್ನು ನಯವಾಗಿ ಏರಿಳಿಸುವ ಲೈನ್~ (line~) ಹಾಕಿ 30 ಮಿಲಿಸೆಕೆಂಡಿನಲ್ಲಿ ಕೇಳಿಸುತ್ತಿರುವುದರ ಸದ್ದನ್ನು ಇಳಿಸಿ, ಮೌನವಾಗಿರುವುದರದನ್ನು ಏರಿಸಿ. ಮುಂದಿನ ಸಲ ಪಾತ್ರ ಅದಲು ಬದಲು. ಎರಡು ಸಂಜೆಯ ಕೆಲಸ ಹಿಡಿಯಬಹುದು, ಆದರೆ ದಯವಿಟ್ಟು ಇದನ್ನು ಬಿಡಬೇಡಿ. ಬಫರ್ 2000 ಮಿಲಿಸೆಕೆಂಡು ಇಟ್ಟರೆ ವಿಳಂಬ ಲಯಕ್ಕೂ ಸಾಕು.

ರಿವರ್ಬ್‌ಗೆ ತಾಳ ಬೇಡ, ಕೊನೆಯಲ್ಲಿ ಸುಮ್ನೆ ಇರಲಿ. ಟ್ರೆಮೊಲೊ ಮಾತ್ರ ಡಿಲೇಗಿಂತ ಮೊದಲಿರಲಿ. ಕತ್ತರಿಸಿದ ಸ್ವರವೇ ಎಕೋದಲ್ಲಿ ಮರಳಿ ಬರುತ್ತದೆ.

ಡ್ರಮ್ಸ್‌ನವರನ್ನು ಹಿಂಬಾಲಿಸಲು ಕಾಲಿನ ಪೆಡಲ್ ಸಾಕು. ಪ್ರತಿ ಪೆಟ್ಟಿಗೂ ಅದನ್ನು ಒತ್ತಿ, ಒತ್ತುಗಳ ನಡುವಿನ ಕೊನೆಯ ನಾಲ್ಕು ಅಂತರಗಳ ಸರಾಸರಿ ತೆಗೆಯಿರಿ. ಎರಡು ಸೆಕೆಂಡಿಗಿಂತ ಜಾಸ್ತಿ ಅಂತರ ಬಂದರೆ ಹೊಸ ಎಣಿಕೆ ಶುರು ಮಾಡಿ. ಡ್ರಮ್ ಮೆಷಿನ್‌ನಿಂದ ಮಿಡಿ ಕ್ಲಾಕ್ (ಲಯ ತಿಳಿಸುವ ಸಂಕೇತ) ಬರುತ್ತಿದ್ದರೆ ಒಂದು ಪೆಟ್ಟಿಗೆ 24 ಟಿಕ್. ಒಂದೊಂದು ಟಿಕ್ ಅಳೆದರೆ ಅಂಕಿ ನಡುಗುತ್ತದೆ, 24ನ್ನೂ ಒಟ್ಟಿಗೇ ಅಳೆಯಿರಿ.